ಹಿರಿಯ ಅಧಿಕಾರಿಗಳಲ್ಲಿ ಯಾರನ್ನು ಉಳಿಸಿಕೊಳ್ಳೋದು? ಕಡತ ಓದಿ ಆರಿಸಿದ ನನ್ನ ಅನುಭವ

ಒಂಬತ್ತು ಇಲಾಖೆಗಳನ್ನು ಐದಕ್ಕೆ ಇಳಿಸುವ ಕೆಲಸ. ಹಿರಿಯ ಅಧಿಕಾರಿಗಳು 40ರ ಹತ್ತಿರ, ಉಳಿಯುವ ಹುದ್ದೆ 22 ಇರಬಹುದು. ಕಡತ ಓದಿ ಆರಿಸೋಣ ಅಂದಾಗ ಸಮಿತಿಯಲ್ಲಿ ಒಬ್ಬರೂ ಒಪ್ಪಲಿಲ್ಲ. ಈಗ ಎರಡು ವರ್ಷ ಆಯ್ತು. ಹಾಗೆ ಆರಿಸಿದವರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಇಲಾಖೆಯನ್ನು ಚೆನ್ನಾಗಿ ನಡೆಸುತ್ತಿದ್ದಾರೆ.

ಮೊದಲ ಸುತ್ತು ಪೂರ್ತಿ ನೆಲಕಚ್ಚಿತ್ತು. ಗೌಪ್ಯ ವರದಿ ತೆಗೆದರೆ ಎಲ್ಲರೂ 'ಅತ್ಯುತ್ತಮ'. ಸೇವಾ ಹಿರಿತನ ಹಿಡಿದರೆ ನಿವೃತ್ತಿಗೆ ವರ್ಷವೂ ಇಲ್ಲದವರೇ ಮೇಲೆ. ಸಂದರ್ಶನದಲ್ಲಿ ಮಾತುಗಾರರು ಗೆದ್ದರು. ಹೊರಗಿನ ಸಲಹೆಗಾರರಿಗೆ ಸುರಿದ ಹಣದಲ್ಲಿ ಐದಾರು ಅಧಿಕಾರಿಗಳ ವರ್ಷದ ಸಂಬಳ ಆಗುತ್ತಿತ್ತು. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಸಾಲದ ಕಂತುಗಳ ಲೆಕ್ಕ ನೋಡುತ್ತಿದ್ದವರನ್ನು ಆ ಸುತ್ತಿನಲ್ಲೇ ಕಳಿಸಿಬಿಟ್ಟಿದ್ದೆವು. ಮೂರೇ ತಿಂಗಳಲ್ಲಿ ಒಂದು ಕಂತು ತಪ್ಪಿ ದಂಡ ಬಿತ್ತು. ಕೊನೆಗೆ ಅವರನ್ನೇ ಗುತ್ತಿಗೆ ಮೇಲೆ ಕರೆತಂದೆವು, ಹಳೇ ಸಂಬಳದ ಒಂದೂವರೆ ಪಟ್ಟು ಕೊಟ್ಟು.

ಆಮೇಲೆ ನನ್ನ ದಾರಿಗೆ ಬಿಟ್ಟರು. ಒಬ್ಬೊಬ್ಬರವೂ 12 ಹಳೇ ಕಡತ ತರಿಸಿ, ಅಧಿಕಾರಿ ತನ್ನ ಅಭಿಪ್ರಾಯ, ತೀರ್ಮಾನ ಬರೆಯುವ ಟಿಪ್ಪಣಿ ಹಾಳೆ ಮಾತ್ರ ಓದಿದೆ. ಒಂದರಲ್ಲಿ ಆರು ಸಲ 'ಚರ್ಚಿಸಿ' ಅಂತ ಬರೆದು, ಕಡತ ಏಳು ತಿಂಗಳು ಮೇಲೆ ಕೆಳಗೆ ಓಡಾಡಿತ್ತು. ಇನ್ನೊಂದರಲ್ಲಿ, ಕುಡಿಯುವ ನೀರಿನ ಪಂಪ್ ಕೆಟ್ಟ ದಿನವೇ ಎರಡು ಸಾಲು: 'ಇವತ್ತೇ ರಿಪೇರಿ ಮಾಡಿಸಿ. ಟೆಂಡರ್ ಕರೆಯದಿರಲು ಕಾರಣ ಕೆಳಗಿದೆ, ಹೊಣೆ ನನ್ನದು.' ಸಹಿ, ತಾರೀಖು, ಗಂಟೆ ಕೂಡ ಇತ್ತು. ಸಂದರ್ಶನದ ಪಟ್ಟಿಯಲ್ಲಿ ಅವರು ಕೊನೆಯಿಂದ ಮೂರನೆಯವರು! ಯಾವ 12 ಕಡತ ಅನ್ನೋದನ್ನು ಮಾತ್ರ ಹೇಳಲ್ಲ. ಗೊತ್ತಾದರೆ ನಾಳೆಯಿಂದಲೇ ಅಂಥ ಕಡತಗಳನ್ನು ತಿದ್ದಿ ತೀಡಿ ಇಡುತ್ತಾರೆ.

ಜೊತೆಗೆ ಸುಮ್ನೆ ಒಂದು ಪ್ರಯೋಗ ಮಾಡಿದೆ. 'ಕೆಲಸ ಸಿಕ್ಕಿಹಾಕಿಕೊಂಡರೆ ಯಾರ ಹತ್ರ ಹೋಗ್ತೀರಿ?' ಅಂತ ಕೆಳಗಿನ ಸಿಬ್ಬಂದಿಯಿಂದ ಚೀಟಿ ಬರೆಸಿದೆ. ಅರ್ಧಕ್ಕರ್ಧ ಚೀಟಿಗಳಲ್ಲಿ ನಾಲ್ಕೇ ಹೆಸರು. ನಾಲ್ವರೂ ನನ್ನ ಪಟ್ಟಿಯಲ್ಲೂ ಮೇಲೇ ಇದ್ದರು.

ಹಳೇ ಸರ್ಕಾರಕ್ಕೆ ಬೇಕಾದವರೆಲ್ಲ ಹೊರಗೆ ಹೋಗಲಿ ಎಂಬ ಒತ್ತಡವೂ ಬಂತು. ನಾನು ಇರಾಕನ್ನು ನೆನಪಿಸಿದೆ. 2003ರ ಮೇನಲ್ಲಿ ಅಲ್ಲಿ ಅಮೆರಿಕದ ಆಡಳಿತ ಸದ್ದಾಂ ಹುಸೇನರ ಬಾತ್ ಪಕ್ಷದ ಮೇಲಿನ ನಾಲ್ಕು ಹಂತದವರನ್ನು ಒಂದೇ ಆದೇಶದಲ್ಲಿ ಸರ್ಕಾರಿ ಕೆಲಸದಿಂದ ತೆಗೆಯಿತು. ಕೆಲಸ ಗೊತ್ತಿದ್ದವರು ಹೋಗಿ ಇಲಾಖೆಗಳು ಸೊರಗಿದವು. 1949ರ ಅಕ್ಟೋಬರಿನಲ್ಲಿ ಸರ್ದಾರ್ ಪಟೇಲರು ಸಂವಿಧಾನ ಸಭೆಯಲ್ಲಿ ಬ್ರಿಟಿಷರ ಕಾಲದ ಐಸಿಎಸ್ ಅಧಿಕಾರಿಗಳ ಪರ ಗಟ್ಟಿಯಾಗಿ ನಿಂತಿದ್ದರಲ್ವಾ? ಅದನ್ನೂ ಹೇಳಿದೆ. ಒತ್ತಡ ಇಳಿಯಿತು.

ಕೈಕೊಟ್ಟ ಆ ಒಬ್ಬರ ವಿಷಯ ಆಮೇಲೆ ತಿಳಿಯಿತು. ಅವರ ಟಿಪ್ಪಣಿಗಳನ್ನೆಲ್ಲ ಬರೆಯುತ್ತಿದ್ದವರು ಅವರ ಕೆಳಗಿನ ಅಧಿಕಾರಿ. ಈಗ ಆ ಕುರ್ಚಿಯಲ್ಲಿ ಆ ಕೆಳಗಿನವರೇ ಇದ್ದಾರೆ.