ಹರುಡಿಯಲ್ಲಿ ಸಿಕ್ಕ ಪಕ್ಕೆಲುಬು

ಕಛ್‌ನ ಹರುಡಿ ಹಳ್ಳಿ ಹತ್ತಿರ ಮೊದಲ ದಿನ ನಾನು ಪಳೆಯುಳಿಕೆ ಮೂಳೆ ಅಂತ ಆಸೆಯಿಂದ ಎತ್ತಿಕೊಂಡದ್ದೆಲ್ಲ ಜಿಪ್ಸಮ್ ಅನ್ನೋ ಖನಿಜದ ಚೂರು. ಅಲ್ಲಿನ ಜೇಡಿ ಪದರಗಳಲ್ಲಿ ಅದು ಜಾಸ್ತಿ, ಬಿಸಿಲಿಗೆ ಗಾಜಿನ ಹಾಗೆ ಮಿಂಚುತ್ತದೆ. ಸುತ್ತ ಬಳ್ಳಾರಿ ಜಾಲಿ ಬಿಟ್ಟರೆ ನೆರಳಿಲ್ಲ. ಈ ಒಣ ನೆಲದಲ್ಲಿ 4 ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಕಡಲಿತ್ತು, ಆಗಿನ ತಿಮಿಂಗಿಲಗಳಿಗೆ ಇನ್ನೂ ಕಾಲುಗಳಿದ್ದವು. ಪಳೆಯುಳಿಕೆ ತಜ್ಞರಾದ ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರಾ 1970ರ ದಶಕದಲ್ಲಿ ಇಲ್ಲಿನ ತಿಮಿಂಗಿಲಗಳ ಬಗ್ಗೆ ಬರೆದಿದ್ದರು. ನಾನೂ ತಿಮಿಂಗಿಲ ಹುಡುಕಿಕೊಂಡೇ ಹೋಗಿದ್ದು.

ಹುಡುಕೋದು ಅಂದರೆ ತಲೆ ಬಗ್ಗಿಸಿ ನಡೆಯೋದು, ಅಷ್ಟೇ. ಇಳಿಜಾರಿನಲ್ಲಿ ಮೂಳೆ ಚೂರು ಕಂಡರೆ ಅಲ್ಲೇ ಅಗೆಯಬೇಡಿ. ಮಳೆ ನೀರು ಅದನ್ನು ಮೇಲಿಂದ ತಂದಿರುತ್ತದೆ, ಹಾಗಾಗಿ ಮೇಲೆ ಹತ್ತಿ ನೋಡಿ. ಕಲ್ಲೋ ಮೂಳೆಯೋ ಗೊತ್ತಾಗದಿದ್ದರೆ ನಾಲಿಗೆ ತುದಿಗೆ ತಾಗಿಸುತ್ತಿದ್ದೆ, ಸಣ್ಣ ರಂಧ್ರಗಳಿರುವ ಮೂಳೆ ಅಂಟಿಕೊಳ್ಳುತ್ತದೆ. ಜೇಡಿಯೂ ಅಂಟುತ್ತದೆ, ಅದಕ್ಕೇ ಲೆನ್ಸ್‌ನಲ್ಲಿ ಇನ್ನೊಮ್ಮೆ ನೋಡಲೇಬೇಕು.

ಮೂರನೇ ದಿನ ಸಿಕ್ಕಿದ್ದು ನಾಲಿಗೆಗೆ ಅಂಟಲಿಲ್ಲ. ದಪ್ಪಗಿತ್ತು, ಗಾತ್ರಕ್ಕೆ ಮೀರಿದ ಭಾರ. ಖುಷಿಯಲ್ಲಿ ಕಿತ್ತು, ಮಣ್ಣನ್ನೆಲ್ಲ ಬ್ರಷ್‌ನಿಂದ ಉಜ್ಜಿ, ಪೇಪರ್‌ನಲ್ಲಿ ಸುತ್ತಿಬಿಟ್ಟೆ. ಲ್ಯಾಬ್‌ನಲ್ಲಿ ಮುರಿದ ತುದಿ ನೋಡಿದರೆ ಒಳಗೆ ಮಜ್ಜೆಯ ಪೊಳ್ಳೇ ಇಲ್ಲ, ಪೂರ್ತಿ ಗಟ್ಟಿ. ಕಡಲಹಸುವಿನ (ಡುಗಾಂಗ್ ಬಳಗದ ಪ್ರಾಣಿ) ಪಕ್ಕೆಲುಬು! ಅದರ ಪಕ್ಕೆಲುಬು ಹೀಗೇ ಗಟ್ಟಿ. ನಮ್ಮ ಮೇಡಂ ಕೇಳಿದ್ದು ಒಂದೇ ಮಾತು: “ಯಾವ ಪದರದ್ದಮ್ಮ ಇದು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಟಿದ್ದ ಮಣ್ಣಾದರೂ ಹೇಳುತ್ತಿತ್ತು, ಅದನ್ನೂ ಕಳೆದಿದ್ದೆ. ಯಾಕೆ ಇದು ದೊಡ್ಡ ನಷ್ಟ ಅಂದರೆ, ಕಡಲಹಸು ಕಡಲಹುಲ್ಲು ತಿನ್ನುವ ಪ್ರಾಣಿ, ಹುಲ್ಲು ಬೆಳೆಯಬೇಕಾದರೆ ನೀರಿನ ತಳದವರೆಗೆ ಬೆಳಕು ಬೀಳಬೇಕು. ಅದೇ ಹರುಡಿಯಲ್ಲಿ ಸಿಗುವ ರೆಮಿಂಗ್ಟನೋಸೀಟಸ್ ಎಂಬ ತಿಮಿಂಗಿಲಕ್ಕೆ ಉದ್ದ ಮೂತಿ, ತೀರಾ ಸಣ್ಣ ಕಣ್ಣು, ಒಳ್ಳೆಯ ಕಿವಿ. ಕಲಕಿದ ನೀರಲ್ಲಿ ಕಿವಿ ನಂಬಿ ಬದುಕಿದ ಹಾಗಿದೆ, ಅಲ್ವಾ? ಇವೆರಡೂ ಒಂದೇ ನೀರಿನಲ್ಲಿ ಇದ್ದವೋ, ಕಡಲು ಬದಲಾದ ಮೇಲೆ ಒಂದರ ನಂತರ ಇನ್ನೊಂದು ಬಂತೋ ಅನ್ನೋದನ್ನು ಪದರವೇ ಹೇಳಬೇಕು.

ಮುಂದಿನ ಚಳಿಗಾಲ ಮತ್ತೆ ಹೋದೆ. ಈ ಸಲ ಮುಟ್ಟುವ ಮೊದಲೇ ಅಳತೆಪಟ್ಟಿ ಇಟ್ಟು ಫೋಟೋ, ಜಿಪಿಎಸ್, ಆಮೇಲೆ ಗುರುತಿಗೆ ಹಿಡಿದ ಚಾಕೊಲೇಟ್ ಬಣ್ಣದ ಸುಣ್ಣಕಲ್ಲಿನ ಪದರದಿಂದ ಎಷ್ಟು ಮೇಲೆ, ಎಷ್ಟು ಕೆಳಗೆ ಅಂತ ಟೇಪ್ ಹಿಡಿದು ಬರೆದೆ. ಮೂಳೆಗೆ, ಚೀಲಕ್ಕೆ, ನೋಟ್‌ಬುಕ್ಕಿಗೆ ಒಂದೇ ನಂಬರ್. ಬಿರುಕು ಬಿಟ್ಟ ಮೂಳೆಗೆ ಒದ್ದೆ ಪೇಪರ್ ಹಚ್ಚಿ, ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಗೋಣಿಪಟ್ಟಿ ಸುತ್ತಿದೆ. ಪ್ರತಿ ಮೂಳೆಯ ಪಕ್ಕದಿಂದ ಎರಡು ಕೆಜಿ ಮಣ್ಣೂ ತಂದೆ.

ಆ ಮಣ್ಣನ್ನು ರಾತ್ರಿಯಿಡೀ ನೆನೆಸಿ ಸಣ್ಣ ಜರಡಿಯಲ್ಲಿ ತೊಳೆದಾಗ ಶಾರ್ಕ್ ಹಲ್ಲು, ಚಿಪ್ಪಿನ ಚೂರು, ನಾಣ್ಯದ ಹಾಗಿರುವ ನ್ಯುಮ್ಯುಲೈಟ್ (ಒಂದೇ ಕೋಶದ ಕಡಲಜೀವಿಯ ಚಿಪ್ಪು) ಬಂದವು. ದೊಡ್ಡ ಮೂಳೆಗಿಂತ ಇವೇ ನನಗೆ ಆ ಕಡಲನ್ನು ತೋರಿಸಿದ್ದು. ಎರಡನೇ ಪಕ್ಕೆಲುಬಿನ ಚೀಲದಲ್ಲಿ ಇನ್ನೂ ಅರ್ಧ ಕೆಜಿ ತೊಳೆಯೋದು ಬಾಕಿಯಿದೆ.