ನಗರದ ಸ್ಕಾಡಾ, ವಿದ್ಯುತ್ ವ್ಯತ್ಯಯ ತಂತ್ರಾಂಶ ಬದಲಿಸುವ ಬಗೆ: ಸರ್ವೆಯಿಂದ ಕೊನೆಯ ಸಿಮ್‌ವರೆಗೆ

ಸ್ಕಾಡಾ ಎಂದರೆ ವಿದ್ಯುತ್ ಜಾಲವನ್ನು ದೂರದ ಪರದೆಯಲ್ಲಿ ನೋಡಿ ನಿಯಂತ್ರಿಸುವ ವ್ಯವಸ್ಥೆ. ಹೊಸ ತಂತ್ರಾಂಶಕ್ಕೆ ಟೆಂಡರ್ ಕರೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಯಾವುದಾದರೂ ಒಂದು ಟಿಸಿಯ (ಬೀದಿಯ ಟ್ರಾನ್ಸ್‌ಫಾರ್ಮರ್) ಕೆಳಗೆ ಬರುತ್ತವೆ ಎಂದು ದಾಖಲೆಯಲ್ಲಿರುವ ನೂರು ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಗ್ರಾಹಕ ಸಂಖ್ಯೆ) ತೆಗೆದುಕೊಳ್ಳಿ. ಆ ಬೀದಿಯ ಪವರ್‌ಮನ್ ಜೊತೆ ಹೋಗಿ, ಪ್ರತಿ ಮನೆಯ ಸರ್ವಿಸ್ ವೈರ್ ಯಾವ ಕಂಬದಿಂದ ಬಂದಿದೆ, ಆ ಕಂಬಕ್ಕೆ ಯಾವ ಟಿಸಿಯಿಂದ ಲೈನ್ ಬಂದಿದೆ ಎಂದು ನೋಡಿ. ಐದಕ್ಕಿಂತ ಹೆಚ್ಚು ತಪ್ಪು ಸಿಕ್ಕರೆ ಟೆಂಡರ್ ಬದಿಗಿಟ್ಟು ಸರ್ವೆಗೆ ಕೈ ಹಾಕುವುದು ಒಳ್ಳೆಯದು. ದೂರು ಬಂದ ಮನೆಗಳನ್ನು ನೋಡಿ ಮೇಲೆಲ್ಲೋ ಒಂದು ಫ್ಯೂಸ್ ಹೋಗಿದೆ ಎಂದು ಊಹಿಸುವುದೇ ವ್ಯತ್ಯಯ ನಿರ್ವಹಣಾ ತಂತ್ರಾಂಶದ ಕೆಲಸ. ಯಾವ ಮನೆ ಯಾವ ಟಿಸಿಗೆ ಎಂಬುದೇ ತಪ್ಪಿದ್ದರೆ ಎಷ್ಟು ಕೋಟಿಯ ತಂತ್ರಾಂಶವಾದರೂ ಪವರ್‌ಮನ್‌ನನ್ನು ತಪ್ಪು ಬೀದಿಗೇ ಕಳಿಸುತ್ತದೆ.

ತ್ರಿಶೂರಿನಲ್ಲಿ ನಗರಪಾಲಿಕೆಯೇ ಕರೆಂಟ್ ಹಂಚುತ್ತದೆ, ನಮ್ಮಲ್ಲಿ ಎಸ್ಕಾಂಗಳ ನಗರ ವಿಭಾಗಗಳು ಆ ಕೆಲಸ ಮಾಡುತ್ತವೆ. ಕೆಳಗಿನ ಹಂತಗಳು ಎರಡಕ್ಕೂ ಹೊಂದುತ್ತವೆ. ನಮ್ಮಲ್ಲಿ ಒಂದು ತೊಡಕು ಹೆಚ್ಚು. 66/11 ಕೆವಿ ಸ್ಟೇಷನ್ ರಾಜ್ಯದ ಪ್ರಸರಣ ನಿಗಮ ಕೆಪಿಟಿಸಿಎಲ್‌ನದು, ಅಲ್ಲಿಂದ ಹೊರಡುವ 11 ಕೆವಿ ಫೀಡರ್ (ಹಂಚಿಕೆಯ ಲೈನ್) ಎಸ್ಕಾಂನದು. ಸ್ಟೇಷನ್ನಿನೊಳಗಿನ ಬ್ರೇಕರ್ ಸ್ಥಿತಿ ನಿಮ್ಮ ಪರದೆಗೆ ಬರಬೇಕಾದರೆ ಇಬ್ಬರ ಒಪ್ಪಿಗೆಯೂ ಬೇಕು. ಆ ಪತ್ರವ್ಯವಹಾರವನ್ನು ಮೊದಲ ದಿನವೇ ಶುರು ಮಾಡಿ.

ನಕ್ಷೆ ಸರಿಪಡಿಸುವುದು

ಸರಪಳಿ ಹೀಗಿರಬೇಕು: ಸ್ಟೇಷನ್, ಫೀಡರ್, ಆರ್‌ಎಂಯು ಅಥವಾ ಜಿಓಎಸ್ (ಎರಡೂ ಬೀದಿಯಲ್ಲಿ ಲೈನ್ ಕಡಿದು ಜೋಡಿಸುವ ಸ್ವಿಚ್‌ಗಳು), ಟಿಸಿ, ಎಲ್‌ಟಿ (ಕಡಿಮೆ ವೋಲ್ಟೇಜ್) ಸರ್ಕ್ಯೂಟ್, ಆರ್‌ಆರ್ ನಂಬರ್. ನಡುವೆ ಒಂದು ಕೊಂಡಿ ಇಲ್ಲದಿದ್ದರೂ ಊಹೆ ಕೆಡುತ್ತದೆ.

ಇಡೀ ಊರನ್ನು ಮತ್ತೆ ಸರ್ವೆ ಮಾಡಲು ಹಣವಿಲ್ಲದಿದ್ದರೆ, ಹೇಗೂ ನಡೆಯುವ ನಿಗದಿತ ಶಟ್‌ಡೌನ್‌ಗಳನ್ನು ಬಳಸಿಕೊಳ್ಳಿ. ಒಂದು ಟಿಸಿಯನ್ನು ಕೆಲಸಕ್ಕೆಂದು ಬಂದ್ ಮಾಡಿದಾಗ ಸ್ಮಾರ್ಟ್ ಮೀಟರ್‌ಗಳು ದಾಖಲಿಸಿದ ಪವರ್ ಆಫ್ ಪಟ್ಟಿಯನ್ನೂ ನಕ್ಷೆ ಹೇಳುವ ಪಟ್ಟಿಯನ್ನೂ ಪಕ್ಕದಲ್ಲಿಟ್ಟು ನೋಡಿ. ನಕ್ಷೆಯಲ್ಲಿದ್ದೂ ಆರದ ಮನೆಗಳು, ನಕ್ಷೆಯಲ್ಲಿಲ್ಲದೆ ಆರಿದ ಮನೆಗಳು, ಎರಡೂ ತಪ್ಪುಗಳೇ. ಸ್ಮಾರ್ಟ್ ಮೀಟರ್ ಇಲ್ಲದ ಕಡೆ ಅದೇ ಹೊತ್ತಿನಲ್ಲಿ 1912ಕ್ಕೆ ಬಂದ ಕರೆಗಳಿಂದ ಅರ್ಧ ಕೆಲಸ ಆಗುತ್ತದೆ.

ಸರಿಪಡಿಸಿದ ನಕ್ಷೆ ಮತ್ತೆ ಕೆಡುವುದು ಲೋಡ್ ಬದಲಾವಣೆಯಿಂದ. ಬೇಸಿಗೆಯಲ್ಲಿ ಟಿಸಿ ಓವರ್‌ಲೋಡ್ ಆಗಿ, ನಾಲ್ಕು ಕಂಬವನ್ನು ಪಕ್ಕದ ಟಿಸಿಗೆ ಜಂಪ್ ಮಾಡಿರುತ್ತಾರೆ. ಅದು ಸೆಕ್ಷನ್ ಆಫೀಸಿನ ರಿಜಿಸ್ಟರ್‌ನಲ್ಲಿ ಇರುತ್ತದೆ, ಕಂಪ್ಯೂಟರಿಗೆ ಬರುವುದಿಲ್ಲ. ಜಂಪ್ ಬದಲಿಸಿದ 48 ಗಂಟೆಯೊಳಗೆ ನಕ್ಷೆಯಲ್ಲೂ ಬದಲಿಸುವ ಹೊಣೆಯನ್ನು ಒಬ್ಬ ಜೆಇಗೆ ಹೆಸರು ಹಿಡಿದು ಒಪ್ಪಿಸಿ. ಸುತ್ತೋಲೆ ಹೊರಡಿಸಿದರೆ ಸಾಲದು.

ಆರ್‌ಟಿಯು ಪಟ್ಟಿ

ಸ್ಥಳದಲ್ಲಿದ್ದು ಅಳತೆ, ಸ್ವಿಚ್ ಸ್ಥಿತಿ ಕಳಿಸುವ ಪೆಟ್ಟಿಗೆಯೇ ಆರ್‌ಟಿಯು. ಪ್ರತಿ ಆರ್‌ಟಿಯುವಿಗೂ ಇಷ್ಟು ಬರೆದುಕೊಳ್ಳಿ: ಮೇಕ್, ಫರ್ಮ್‌ವೇರ್ ಆವೃತ್ತಿ, ಪ್ರೋಟೋಕಾಲ್ (ಐಇಸಿ 101, 104 ಅಥವಾ ಮಾಡ್‌ಬಸ್), ಕಾಮನ್ ಅಡ್ರೆಸ್, ಪ್ರತಿ ಪಾಯಿಂಟಿನ ಆಬ್ಜೆಕ್ಟ್ ಅಡ್ರೆಸ್, ಸ್ಕೇಲಿಂಗ್, ಸ್ಥಳದಲ್ಲಿ ಕಣ್ಣಾರೆ ಓದಿದ ಸಿಟಿ (ಕರೆಂಟ್ ಅಳೆಯುವ ಟ್ರಾನ್ಸ್‌ಫಾರ್ಮರ್) ಅನುಪಾತ. ಕೊನೆಯದನ್ನು ಹಳೆ ಡ್ರಾಯಿಂಗ್‌ನಿಂದ ನಕಲು ಮಾಡಬೇಡಿ. 200/1 ಸಿಟಿ ತೆಗೆದು 400/1 ಹಾಕಿ ಸ್ಕೇಲಿಂಗ್ ಹಾಗೇ ಬಿಟ್ಟಿದ್ದರೆ, 300 ಆಂಪಿಯರ್ ಹರಿಯುವ ಫೀಡರ್ ಪರದೆಯಲ್ಲಿ 150 ತೋರಿಸುತ್ತದೆ. ಅದನ್ನು ನಂಬಿ ಇನ್ನೊಂದು ಫೀಡರಿನ ಲೋಡನ್ನೂ ಅದಕ್ಕೆ ಸೇರಿಸಿದರೆ ಓವರ್‌ಕರೆಂಟ್‌ನಲ್ಲಿ ಟ್ರಿಪ್ ಆಗುತ್ತದೆ.

ಬೀದಿಬದಿಯ ಆರ್‌ಎಂಯುಗಳಲ್ಲಿ ಬ್ಯಾಟರಿಯನ್ನು ತಪ್ಪದೆ ನೋಡಿ. ಚಾರ್ಜರ್ ಬಂದ್ ಮಾಡಿ, ನಾಲ್ಕು ಗಂಟೆ ಕಾದು, ಆಮೇಲೆ ಮೋಟರ್ ಮೂಲಕ ಸ್ವಿಚ್ ಓಡಿಸಿ. ಬ್ಯಾಟರಿ ಸತ್ತ ಆರ್‌ಟಿಯು ಕರೆಂಟ್ ಇರುವಷ್ಟು ದಿನ ಚೆನ್ನಾಗಿಯೇ ವರದಿ ಕೊಡುತ್ತದೆ, ಕರೆಂಟ್ ಹೋದ ಕ್ಷಣ ಅದೂ ಮೌನ.

104 ಸಂಪರ್ಕದ ಸೆಟ್ಟಿಂಗ್‌ಗಳು

ಆರ್‌ಟಿಯು ಮತ್ತು ನಿಯಂತ್ರಣ ಕೊಠಡಿಯ ಸರ್ವರ್ (ಮಾಸ್ಟರ್) ಮಾತಾಡುವ ಭಾಷೆಯಾದ ಐಇಸಿ 104 ಟಿಸಿಪಿ ಪೋರ್ಟ್ 2404ರಲ್ಲಿ ಓಡುತ್ತದೆ. ಮಾನಕದ ಡೀಫಾಲ್ಟ್ ಕಾಲಮಿತಿಗಳು t1 (ಉತ್ತರಕ್ಕೆ ಕಾಯುವುದು) 15 ಸೆಕೆಂಡ್, t2 (ಒಪ್ಪಿಗೆ ಕಳಿಸುವುದು) 10, t3 (ಸುಮ್ಮನಿದ್ದಾಗ ಲಿಂಕ್ ಪರೀಕ್ಷೆ) 20. ಕಳಿಸುವ, ಒಪ್ಪುವ ಲೆಕ್ಕ k 12, w 8. ಫೈಬರ್‌ಗೆ ಇವು ಸಾಕು. ಮೊಬೈಲ್ ಸಿಮ್ ಮೇಲೆ ಓಡುವ ಆರ್‌ಟಿಯುಗಳಲ್ಲಿ t1 ಅನ್ನು 30ಕ್ಕೆ, t3 ಅನ್ನು 60ಕ್ಕೆ ಏರಿಸಿ ನೋಡಿ, ಇಲ್ಲದಿದ್ದರೆ ನೆಟ್‌ವರ್ಕ್ ನಿಧಾನವಾದಾಗಲೆಲ್ಲ ಲಿಂಕ್ ಕಡಿದು ಮತ್ತೆ ಕಟ್ಟಿಕೊಳ್ಳುತ್ತಿರುತ್ತದೆ. ಬದಲಾವಣೆ ಎರಡೂ ತುದಿಯಲ್ಲಿ ಆಗಬೇಕು.

ಹೊಸ ಮಾಸ್ಟರ್‌ನಲ್ಲಿ ಹೆಚ್ಚು ಕಾಟ ಕೊಡುವುದು ಎರಡು ಬಿಟ್‌ನಲ್ಲಿ ಬರುವ ಡಬಲ್ ಪಾಯಿಂಟ್ ಸ್ಥಿತಿ. ಅದರಲ್ಲಿ 1 ಎಂದರೆ ಓಪನ್, 2 ಎಂದರೆ ಕ್ಲೋಸ್, 0 ಮತ್ತು 3 ಖಚಿತವಲ್ಲದ ಸ್ಥಿತಿಗಳು. ಇದನ್ನು ಸಿಂಗಲ್ ಪಾಯಿಂಟ್ ಎಂದು ತಿಳಿದು ಕೊನೆಯ ಬಿಟ್ ಮಾತ್ರ ಓದಿಸಿದರೆ ಚಿತ್ರ ತಲೆಕೆಳಗಾಗುತ್ತದೆ: ಓಪನ್ ಇರುವ ಬ್ರೇಕರ್ ಕ್ಲೋಸ್ ಎಂದೂ, ಕ್ಲೋಸ್ ಇರುವುದು ಓಪನ್ ಎಂದೂ ಕಾಣುತ್ತದೆ. ಲಿಂಕ್ ಸರಿ ಇರುತ್ತದೆ, ಅಲಾರಂ ಇರುವುದಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ಸಮಯ. ಆರ್‌ಟಿಯು ಯುಟಿಸಿಯಲ್ಲಿ, ಮಾಸ್ಟರ್ ಭಾರತೀಯ ಕಾಲಮಾನದಲ್ಲಿ ಇದ್ದರೆ ಪ್ರತಿ ಟ್ರಿಪ್ಪೂ ಐದೂವರೆ ಗಂಟೆ ಮೊದಲೇ ಆದಂತೆ ದಾಖಲಾಗುತ್ತದೆ. ಕರೆಂಟ್ ಬಂದ ಸಮಯವನ್ನು ಆಪರೇಟರ್ ಕೈಯಾರೆ ಹಾಕಿದರೆ ಹತ್ತು ನಿಮಿಷದ ವ್ಯತ್ಯಯ 340 ನಿಮಿಷವಾಗುತ್ತದೆ. ಎಲ್ಲ ಆರ್‌ಟಿಯುಗಳಿಗೂ ಒಂದೇ ಎನ್‌ಟಿಪಿ (ಗಡಿಯಾರ ಹೊಂದಿಸುವ) ಮೂಲ ಕೊಡಿ.

ಅಳತೆಗಳಿಗೆ ಡೆಡ್‌ಬ್ಯಾಂಡ್ (ಇಷ್ಟು ಬದಲಾದರೆ ಮಾತ್ರ ಕಳಿಸು ಎಂಬ ಮಿತಿ) ಪೂರ್ಣ ಪ್ರಮಾಣದ ಶೇ 1ರಿಂದ 2 ಇರಲಿ. 400 ಆಂಪಿಯರ್ ಫೀಡರಿಗೆ 4ರಿಂದ 8 ಆಂಪಿಯರ್. ಸೊನ್ನೆಗೇ ಬಿಟ್ಟರೆ ಲಿಂಕ್ ತುಂಬಿಹೋಗುತ್ತದೆ.

ಪಾಯಿಂಟ್ ಟು ಪಾಯಿಂಟ್ ಪರೀಕ್ಷೆ

ಗುತ್ತಿಗೆದಾರರು ಇದನ್ನು ಸಿಮ್ಯುಲೇಟರ್‌ನಲ್ಲಿ ಮುಗಿಸಲು ನೋಡುತ್ತಾರೆ. ಒಪ್ಪಬೇಡಿ. ಸಿಮ್ಯುಲೇಟರ್ ಡೇಟಾಬೇಸನ್ನು ಪರೀಕ್ಷಿಸುತ್ತದೆಯೇ ಹೊರತು ತಂತಿಯನ್ನಲ್ಲ. ಒಬ್ಬರು ಪ್ಯಾನೆಲ್ ಮುಂದೆ, ಒಬ್ಬರು ನಿಯಂತ್ರಣ ಕೊಠಡಿಯಲ್ಲಿ, ನಡುವೆ ಫೋನ್. ಪ್ರತಿ ಫೀಡರಿಗೆ ಬ್ರೇಕರ್ ಸ್ಥಿತಿ, ಆರ್-ವೈ-ಬಿ ಕರೆಂಟ್, ಓವರ್‌ಕರೆಂಟ್, ಅರ್ತ್ ಫಾಲ್ಟ್, ಸ್ಪ್ರಿಂಗ್ ಚಾರ್ಜ್, ಲೋಕಲ್/ರಿಮೋಟ್, ಟ್ರಿಪ್ ಸರ್ಕ್ಯೂಟ್ ಇವನ್ನು ಒಂದೊಂದಾಗಿ ಎಬ್ಬಿಸಿ ಪರದೆಯಲ್ಲಿ ಕಂಡದ್ದನ್ನು ಬರೆದು ಇಬ್ಬರೂ ಸಹಿ ಹಾಕಬೇಕು. ಕರೆಂಟಿಗೆ ಸಿಟಿ ಸೆಕೆಂಡರಿಯನ್ನು ಶಾರ್ಟ್ ಮಾಡಿದ ಮೇಲೆಯೇ ಇಂಜೆಕ್ಷನ್ ಕಿಟ್ ಜೋಡಿಸಿ 0.25, 0.5, 1 ಆಂಪಿಯರ್ ಕೊಟ್ಟು ನೋಡಿ. ಲೋಡ್ ಇರುವಾಗ ಸೆಕೆಂಡರಿ ತೆರೆದುಕೊಂಡರೆ ಅಲ್ಲಿ ಏಳುವ ವೋಲ್ಟೇಜ್ ಪ್ರಾಣಕ್ಕೇ ಅಪಾಯ. ಓಪನ್, ಕ್ಲೋಸ್ ಆಜ್ಞೆಗಳನ್ನು ಬ್ರೇಕರ್ ಟೆಸ್ಟ್ ಪೊಸಿಷನ್‌ನಲ್ಲಿಟ್ಟು ಪರೀಕ್ಷಿಸಿ.

ಹತ್ತು ಫೀಡರಿನ ಸ್ಟೇಷನ್‌ಗೆ ಎರಡು ದಿನ ಇಟ್ಟುಕೊಳ್ಳಿ. ಅರ್ಧ ದಿನದಲ್ಲಿ ಮುಗಿಯಿತು ಎಂದರೆ ಎಲ್ಲೋ ಹಾರಿಸಿದ್ದಾರೆ.

ಹಳೆಯದರಿಂದ ಹೊಸದಕ್ಕೆ

ಏಪ್ರಿಲ್, ಮೇ ಬೇಡ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಮರ ಬಿದ್ದು ಫೀಡರ್‌ಗಳು ಸಾಲುಸಾಲಾಗಿ ಟ್ರಿಪ್ ಆಗುವ ಕಾಲ ಅದು. ಡಿಸೆಂಬರ್, ಜನವರಿ ಸೂಕ್ತ. ಒಂದೇ ರಾತ್ರಿ ಇಡೀ ಊರನ್ನು ಬದಲಿಸದೆ ಒಂದೊಂದೇ ಸ್ಟೇಷನ್ ಬದಲಿಸುತ್ತ ಹೋಗಿ.

ಎರಡೂ ವ್ಯವಸ್ಥೆ ಜೊತೆಯಲ್ಲಿ ಓಡುವ ದಿನಗಳಲ್ಲಿ ಹೊಸದು ಕೇಳಿಸಿಕೊಳ್ಳಲಿ, ಆಜ್ಞೆ ಕೊಡುವುದು ಹಳೆಯದೊಂದೇ. ಹಲವು ಹಳೆ ಆರ್‌ಟಿಯುಗಳು ಒಂದೇ ಮಾಸ್ಟರ್ ಜೊತೆ ಮಾತಾಡುತ್ತವೆ, ಅಂಥ ಕಡೆ ನಡುವೆ ಗೇಟ್‌ವೇ ಬೇಕಾಗುತ್ತದೆ. ಅದನ್ನು ಟೆಂಡರ್‌ನಲ್ಲೇ ಸೇರಿಸಿ.

ಎಲ್ಲಕ್ಕಿಂತ ಅಪಾಯದ ಗಳಿಗೆ ಲೈನ್ ಕ್ಲಿಯರ್ (ಎಲ್‌ಸಿ, ಲೈನ್ ಮೇಲೆ ಕೆಲಸ ಮಾಡಲು ಕೊಟ್ಟ ಅನುಮತಿ) ಟ್ಯಾಗ್‌ಗಳದು. ಹಳೆ ಪರದೆಯಲ್ಲಿ ಎಲ್‌ಸಿ ಟ್ಯಾಗ್ ಬಿದ್ದ ಫೀಡರ್ ಹೊಸ ಪರದೆಯಲ್ಲಿ ಬರೀ ಓಪನ್ ಬ್ರೇಕರ್ ಆಗಿ ಕಾಣುತ್ತದೆ. ಅದನ್ನು ಕ್ಲೋಸ್ ಮಾಡಿದರೆ ಕಂಬದ ಮೇಲಿರುವವರ ಗತಿ ಹೇಳಬೇಕಿಲ್ಲ. ಆದ್ದರಿಂದ ಬದಲಾವಣೆಯ ಸ್ಟೇಷನ್‌ನಲ್ಲಿ ಆ ಹೊತ್ತಿಗೆ ಒಂದೂ ಎಲ್‌ಸಿ ಬಾಕಿ ಇರಬಾರದು. ಇದ್ದರೆ ಎಲ್‌ಸಿ ಪುಸ್ತಕ ತೆರೆದು, ಒಂದೊಂದು ನಂಬರನ್ನೂ ಹೊಸದರಲ್ಲಿ ಕೈಯಾರೆ ಟ್ಯಾಗ್ ಮಾಡಿ, ಎಲ್‌ಸಿ ಪಡೆದವರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ನಿಯಂತ್ರಣ ಹಸ್ತಾಂತರಿಸಿ. ಪರದೆಯ ಬಣ್ಣ ನೋಡಿ ಲೈನ್ ಸತ್ತಿದೆ ಎಂದು ಯಾರೂ ಮುಟ್ಟಬಾರದು. ಜನರೇಟರ್, ಮೇಲ್ಛಾವಣಿ ಸೋಲಾರ್‌ನಿಂದ ಹಿಂದಿರುಗಿ ಬರುವ ಕರೆಂಟ್ ಯಾವ ಸ್ಕಾಡಾಗೂ ಕಾಣುವುದಿಲ್ಲ. ಡಿಸ್ಚಾರ್ಜ್ ರಾಡ್, ಅರ್ತಿಂಗ್ ಎಂದಿನಂತೆಯೇ.

ಊಹೆಯ ನಿಯಮ, ಲೆಕ್ಕ

ಶುರುವಿಗೆ ಹೀಗಿಡಿ: ಒಂದೇ ಕರೆ ಬಂದರೆ ಸರ್ವಿಸ್ ದೋಷ, 15 ನಿಮಿಷದಲ್ಲಿ ಒಂದೇ ಟಿಸಿಯಿಂದ ಮೂರು ಕರೆ ಬಂದರೆ ಟಿಸಿ ದೋಷ, ಒಂದೇ ಕವಲಿನ ಎರಡು ಟಿಸಿಗಳಾದರೆ ಮೇಲಿನ ಜಿಓಎಸ್. ಬ್ರೇಕರ್ ಟ್ರಿಪ್ ಆದ ಸೂಚನೆ ಬಂದರೆ ಊಹೆಗೆ ಜಾಗವಿಲ್ಲ.

ಫೀಡರ್ ಚಾರ್ಜ್ ಆದ ಕೂಡಲೇ ಎಲ್ಲ ದೂರುಗಳನ್ನೂ ತಾನೇ ಮುಚ್ಚುವ ಸೌಲಭ್ಯವನ್ನು ಆಫ್ ಮಾಡಿ. ಒಂದು ಟಿಸಿಯ ಎಚ್‌ಜಿ ಫ್ಯೂಸ್ ಹೋಗಿದ್ದರೆ ಆ ಬೀದಿ ಇನ್ನೂ ಕತ್ತಲಲ್ಲಿರುತ್ತದೆ, ದೂರು ಮಾತ್ರ ಮುಚ್ಚಿರುತ್ತದೆ. ಪ್ರತಿ ಟಿಸಿಗೆ ಒಂದು ಮರುಕರೆ ಅಥವಾ ಒಂದು ಮೀಟರ್ ಪಿಂಗ್ ಸಾಕು.

ಹಂತಹಂತವಾಗಿ ಕರೆಂಟ್ ಕೊಟ್ಟದ್ದನ್ನು ತಂತ್ರಾಂಶ ಲೆಕ್ಕ ಹಾಕುತ್ತದೆಯೇ ಎಂದು ಒಂದು ಉದಾಹರಣೆಯಿಂದ ಪರೀಕ್ಷಿಸಿ. 20,000 ಗ್ರಾಹಕರ ಊರಿನಲ್ಲಿ 4,000 ಮನೆಗಳ ಫೀಡರ್ ಟ್ರಿಪ್ ಆಯಿತು. 20 ನಿಮಿಷದಲ್ಲಿ 2,500 ಮನೆಗೆ ಬಂತು, ಉಳಿದ 1,500ಕ್ಕೆ ಇನ್ನೂ 70 ನಿಮಿಷ ಹಿಡಿಯಿತು. ಸೈಡಿ (ಒಬ್ಬ ಗ್ರಾಹಕರಿಗೆ ಸರಾಸರಿ ಕರೆಂಟ್ ಇಲ್ಲದ ಸಮಯ) 9.25 ನಿಮಿಷ ಬರಬೇಕು. 18 ಬಂದರೆ ಕೊನೆಯ ಸಮಯವನ್ನು ಎಲ್ಲರಿಗೂ ಹಚ್ಚಿದೆ, 4 ಬಂದರೆ ಮೊದಲನೆಯದನ್ನು. ಸೈಫಿ (ಒಬ್ಬ ಗ್ರಾಹಕರಿಗೆ ಸರಾಸರಿ ಎಷ್ಟು ಬಾರಿ ಕರೆಂಟ್ ಹೋಯಿತು) ಮೂರರಲ್ಲೂ 0.2 ಆಗಿರುವುದರಿಂದ ಅದನ್ನು ನೋಡಿ ಈ ತಪ್ಪು ಹಿಡಿಯಲಾಗದು.

ಎಸ್‌ಎಂಎಸ್

ಕನ್ನಡ ಸಂದೇಶ ಯೂನಿಕೋಡ್‌ನಲ್ಲಿ ಹೋಗುವುದರಿಂದ ಒಂದು ಎಸ್‌ಎಂಎಸ್‌ಗೆ 70 ಅಕ್ಷರಸಂಕೇತ, ಉದ್ದವಾದರೆ ಪ್ರತಿ ತುಂಡಿಗೆ 67. 'ಕ್ಷೇ' ಒಂದಲ್ಲ, ನಾಲ್ಕು. ಟೆಂಪ್ಲೇಟುಗಳನ್ನು ಡಿಎಲ್‌ಟಿಯಲ್ಲಿ (ಮೊಬೈಲ್ ಕಂಪನಿಗಳ ಸಂದೇಶ ನೋಂದಣಿ ವ್ಯವಸ್ಥೆ) ಮುಂಚೆಯೇ ನೋಂದಾಯಿಸದಿದ್ದರೆ ಮೊದಲ ಮಳೆಯ ದಿನ ಒಂದೂ ಹೊರಡುವುದಿಲ್ಲ. ತಂಡ ಸ್ಥಳಕ್ಕೆ ಹೋಗಿ ಕಾರಣ ಕಾಣುವವರೆಗೆ ಸಮಯದ ಭರವಸೆ ಕೊಡಬೇಡಿ. ಬಾಡಿಗೆ ಮನೆಗಳಲ್ಲಿ ಆರ್‌ಆರ್ ನಂಬರಿಗೆ ಇರುವುದು ಮಾಲೀಕರ ಫೋನ್, ಆದ್ದರಿಂದ ಒಂದು ಆರ್‌ಆರ್‌ಗೆ ಕನಿಷ್ಠ ಮೂರು ನಂಬರ್ ಸೇರಿಸಲು ಅವಕಾಶವಿರಲಿ.

ಬೀಗ

104ಕ್ಕೆ ಗೂಢಲಿಪಿಯೂ ಇಲ್ಲ, ಗುರುತು ಪರಿಶೀಲನೆಯೂ ಇಲ್ಲ. ರೂಟರ್‌ನಲ್ಲಿ ವಿಪಿಎನ್, ಸಿಮ್‌ಗೆ ಖಾಸಗಿ ಎಪಿಎನ್ (ಸಾರ್ವಜನಿಕ ಇಂಟರ್ನೆಟ್‌ನಿಂದ ಬೇರೆಯಾದ ಮೊಬೈಲ್ ಜಾಲ) ಕಡ್ಡಾಯ. ದೂರು ವಿಭಾಗದ ಸರ್ವರ್ ಸ್ಕಾಡಾ ಜಾಲದೊಳಗೆ ಬೇಡ, ನಡುವಿನ ವಲಯದಲ್ಲಿರಲಿ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಡಿಸ್ಕ್ ಗಾತ್ರವನ್ನು ಇದಕ್ಕೆ ತಕ್ಕಂತೆ ಲೆಕ್ಕ ಹಾಕಿ.

ಹಳೆ ಸರ್ವರನ್ನು ಒಂದು ಮಳೆಗಾಲ ಮುಗಿಯುವವರೆಗೆ ತೆಗೆಯಬೇಡಿ. ತೆಗೆಯುವ ದಿನ ಹಿಂದಿನ ವರ್ಷಗಳ ಲೋಡ್ ದಾಖಲೆಯನ್ನು ಸಾದಾ ಸಿಎಸ್‌ವಿಯಲ್ಲಿ ಇಳಿಸಿಕೊಳ್ಳಿ, ಪ್ರತಿ ಆರ್‌ಟಿಯುವಿನ ಅನುಮತಿ ಪಟ್ಟಿಯಿಂದ ಹಳೆ ಮಾಸ್ಟರ್‌ನ ಐಪಿ ಅಳಿಸಿ, ಹಳೆ ಸಿಮ್‌ಗಳನ್ನು ರದ್ದು ಮಾಡಿಸಿ, ಗುತ್ತಿಗೆದಾರರ ಲಾಗಿನ್‌ಗಳನ್ನು ಮುಚ್ಚಿ.