ದರದ ಕಾಲಂ ಕಾಣೆಯಾದ ಮೇಲೆ

ಶಿರಸಿ ಕಡೆಯ ಒಂದು ಸಹಕಾರ ಸಂಘಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಮುಖಪುಟದಲ್ಲೇ ಆ ದಿನದ ಅಡಿಕೆ ಧಾರಣೆ: ರಾಶಿ, ಬೆಟ್ಟೆ, ಚಾಲಿ, ತಟ್ಟಿಬೆಟ್ಟೆ, ಕೆಂಪುಗೋಟು. ಎದುರಿಗೆ ಕನಿಷ್ಠ, ಗರಿಷ್ಠ, ಸರಾಸರಿ. ಸೈಟ್ ಶುರುವಾದ ಮರುದಿನ ಬೆಳಗ್ಗೆಯೇ ಹಿರಿಯ ಸದಸ್ಯರೊಬ್ಬರ ಫೋನ್ ಬಂತು. ‘ತಮಾ, ರಾಶಿ ಹೇಳಿ ಕಾಣ್ತು, ರೇಟ್ ಎಲ್ಲಿದ್ದು?’

ಅವರ ಮೊಬೈಲ್‌ನಲ್ಲಿ ಕೊನೆಯ ಕಾಲಂ, ಅಂದರೆ ಸರಾಸರಿ ದರ, ಪರದೆಯಂಚಿನಲ್ಲಿ ಅರ್ಧ ಕತ್ತರಿಸಿಹೋಗಿತ್ತು. ಬೆರಳಿಂದ ಪಕ್ಕಕ್ಕೆ ಸರಿಸಿದರೂ ಬರುತ್ತಿರಲಿಲ್ಲ. ಧಾರಣೆ ನೋಡಲೆಂದೇ ಸೈಟ್ ತೆರೆದವರಿಗೆ ಧಾರಣೆಯೇ ಸಿಗದಿದ್ದರೆ ಉಳಿದ ಅಲಂಕಾರವೆಲ್ಲ ಯಾಕೆ? ಆ ದಿನ ಬೇರೆ ಕೆಲಸ ಮುಟ್ಟಲಿಲ್ಲ.

ಪರೀಕ್ಷೆ ಮಾಡದೆ ಕೊಟ್ಟಿದ್ದೆ ಎಂದಲ್ಲ. ಕ್ರೋಮ್ ಬ್ರೌಸರ್‌ನಲ್ಲೇ ಇರುವ, ಪುಟ ಪರೀಕ್ಷಿಸುವ ಸಲಕರಣೆಯಾದ ಡೆವ್‌ಟೂಲ್ಸ್‌ನಲ್ಲಿ 360, 390, 412 ಪಿಕ್ಸೆಲ್ ಅಗಲದ ಮೂರು ಫೋನ್ ಆರಿಸಿ ನೋಡಿದ್ದೆ, ಮೂರರಲ್ಲೂ ಚೆನ್ನಾಗಿತ್ತು. ಹಾಗೆ ಅಲ್ಲೊಂದು ಇಲ್ಲೊಂದು ಅಳತೆ ನೋಡಿ ಬಿಟ್ಟದ್ದೇ ತಪ್ಪು. ವೆಬ್ ವಿನ್ಯಾಸಕ ಈಥನ್ ಮಾರ್ಕಾಟ್ 2010ರಲ್ಲಿ ‘ರೆಸ್ಪಾನ್ಸಿವ್’ ವಿನ್ಯಾಸದ ಬಗ್ಗೆ ಬರೆದಾಗ ಹೇಳಿದ್ದು ಪರದೆಗೆ ತಕ್ಕಂತೆ ಬಳುಕುವ ಪುಟದ ಮಾತು. ಬಳುಕುವುದನ್ನು ನೋಡಬೇಕಾದರೆ ವಿಂಡೋದ ಅಂಚು ಹಿಡಿದು ಎಳೆದೇ ನೋಡಬೇಕು.

ಎಳೆಯಲು ಹೊರಟರೆ ಮೊದಲ ಅಡ್ಡಿ ಬ್ರೌಸರ್‌ನದೇ. ಕ್ರೋಮ್‌ನ ಮಾಮೂಲಿ ವಿಂಡೋ 500 ಪಿಕ್ಸೆಲ್ ಆಸುಪಾಸಿಗೆ ಬಂದು ನಿಂತುಬಿಡುತ್ತದೆ, ಇನ್ನು ಕಿರಿದಾಗುವುದಿಲ್ಲ. ಡೆವ್‌ಟೂಲ್ಸ್ ಅನ್ನು ಬಲಕ್ಕೆ ಅಂಟಿಸಿ, ನಡುವಿನ ಗೆರೆ ಹಿಡಿದು ಎಡಕ್ಕೆ ಎಳೆದರೆ ಪುಟ ಅದಕ್ಕಿಂತ ಕಿರಿದಾಗುತ್ತದೆ, ಮೂಲೆಯಲ್ಲಿ ಅಳತೆಯೂ ಓಡುತ್ತಿರುತ್ತದೆ. ಫೈರ್‌ಫಾಕ್ಸ್‌ನಲ್ಲಾದರೆ ಕಂಟ್ರೋಲ್-ಶಿಫ್ಟ್-ಎಂ ಒತ್ತಿದರೆ ಸಾಕು, ಹೀಗೆ ಎಳೆದು ನೋಡುವ ನೋಟ ತೆರೆದುಕೊಳ್ಳುತ್ತದೆ.

ನಿಧಾನವಾಗಿ ಎಳೆದೆ. 320ರ ತನಕ ಏನೂ ಮುರಿದಂತೆ ಕಾಣಲಿಲ್ಲ, ಆದರೆ ಸರಾಸರಿಯ ಕಾಲಂ ಸದ್ದಿಲ್ಲದೆ ಅಂಚಿನಾಚೆ ಸರಿಯುತ್ತಿತ್ತು. ಕಾರಣ ನನ್ನದೇ ಒಂದು ಸಾಲು. ಯಾವುದೋ ಅಡ್ಡ ಸ್ಕ್ರೋಲ್ ತಪ್ಪಿಸಲೆಂದು ಪುಟದ ‘ಬಾಡಿ’ ಟ್ಯಾಗ್‌ಗೆ ‘ಓವರ್‌ಫ್ಲೋ-ಎಕ್ಸ್: ಹಿಡನ್’, ಅಂದರೆ ಪಕ್ಕಕ್ಕೆ ಮೀರಿದ್ದನ್ನು ಅಡಗಿಸು ಎಂಬ ಆದೇಶ ಹಾಕಿಟ್ಟಿದ್ದೆ. ಅದು ತಪ್ಪನ್ನು ತಿದ್ದಿರಲಿಲ್ಲ, ಮುಚ್ಚಿಟ್ಟಿತ್ತು. ತೆಗೆದು ಮತ್ತೆ ಎಳೆದಾಗ 348ಕ್ಕೆ ಸರಿಯಾಗಿ ಕೆಳಗೆ ಅಡ್ಡ ಸ್ಕ್ರೋಲ್‌ಬಾರ್ ಮೂಡಿತು. ಈ ಸಾಲು ಯಾರ ಕೋಡ್‌ನಲ್ಲಿ ಕಂಡರೂ ಈಗ ನನಗೆ ಅನುಮಾನ.

ಟೇಬಲ್ ಕುಗ್ಗದಂತೆ ತಡೆದದ್ದು ಮೊದಲ ಕಾಲಂನ ‘ತಟ್ಟಿಬೆಟ್ಟೆ’, ‘ಕೆಂಪುಗೋಟು’. ನಡುವೆ ಜಾಗವಿಲ್ಲದ ಪದಗಳನ್ನು ಬ್ರೌಸರ್ ತಾನಾಗಿ ಮುರಿಯುವುದಿಲ್ಲ. ‘ಓವರ್‌ಫ್ಲೋ-ರ‍್ಯಾಪ್: ಎನಿವೇರ್’, ಅಂದರೆ ಎಲ್ಲಿ ಬೇಕಾದರೂ ಮುರಿ ಎಂಬ ಆದೇಶ ಕೊಟ್ಟೆ. ಕಾಲಂ ಕುಗ್ಗಿತು, ಆದರೆ ಪದ ‘ತಟ್ಟಿಬೆ’ ಮೇಲೆ, ‘ಟ್ಟೆ’ ಕೆಳಗೆ ಎಂದು ಒಡೆಯಿತು. ಕನ್ನಡ ಓದುವ ಯಾರಿಗೂ ಅದನ್ನು ತೋರಿಸಲಾರೆ. ಅದನ್ನು ಅಳಿಸಿ, ‘ತಟ್ಟಿ’ಗೂ ‘ಬೆಟ್ಟೆ’ಗೂ ನಡುವೆ, ‘ಕೆಂಪು’ಗೂ ‘ಗೋಟು’ಗೂ ನಡುವೆ ಒಂದೊಂದು ಡಬ್ಲ್ಯುಬಿಆರ್ ಟ್ಯಾಗ್ ಇಟ್ಟೆ. ಜಾಗ ಸಾಲದಾಗ ಮಾತ್ರ ಅಲ್ಲೇ ಮುರಿಯುತ್ತದೆ. ಎರಡು ಸಾಲಾದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು: ಸಾಲಿನ ಎತ್ತರ 1.2 ಇದ್ದುದರಿಂದ ಮೇಲಿನ ‘ಟ್ಟಿ’ಯ ಒತ್ತು ಕೆಳಗಿನ ‘ಬೆಟ್ಟೆ’ಯ ತಲೆಗೆ ತಾಗುತ್ತಿತ್ತು. ಇಂಗ್ಲಿಷ್‌ಗೆ ಸಾಲುವ ಎತ್ತರ ನಮ್ಮ ಒತ್ತಕ್ಷರಕ್ಕೆ ಸಾಲದು. 1.6 ಮಾಡಿದೆ.

ಇಷ್ಟಾದರೂ ಐದಂಕಿಯ ಮೂರು ದರ ಒತ್ತೊತ್ತಾಗಿದ್ದವು. ಸಾಲುಗಳನ್ನು ಕಾರ್ಡ್‌ಗಳಾಗಿ, ಅಂದರೆ ಒಂದೊಂದನ್ನೂ ಬೇರೆ ಚೌಕವಾಗಿ ಒಡೆಯುವುದು ಎಲ್ಲರೂ ಮಾಡುವ ಉಪಾಯ, ನನಗೆ ಒಪ್ಪಿಗೆಯಾಗಲಿಲ್ಲ. ಬೆಳೆಗಾರರು ರಾಶಿಯನ್ನೂ ಚಾಲಿಯನ್ನೂ ಒಂದೇ ನೋಟಕ್ಕೆ ಹೋಲಿಸಬೇಕು. ಕಿರಿದಾದಾಗ ಕನಿಷ್ಠ, ಗರಿಷ್ಠ ಎರಡನ್ನೂ ಒಂದೇ ಮನೆಯಲ್ಲಿ ಮೇಲೆ ಕೆಳಗೆ ಕೂರಿಸಿದೆ. ಬ್ರೇಕ್‌ಪಾಯಿಂಟ್, ಅಂದರೆ ವಿನ್ಯಾಸ ಬದಲಾಗುವ ಅಗಲ, ಇಟ್ಟದ್ದು 380ಕ್ಕೆ, ಮುರಿಯುವ ಜಾಗಕ್ಕಿಂತ ತುಸು ಮುಂಚೆ. ಯಾವ ಫೋನಿನ ಅಳತೆಯೂ ಅಲ್ಲ ಅದು, ಈ ಟೇಬಲ್ ಕೇಳಿದ ಅಳತೆ.

ಅಗಲದ ಕಡೆಗೂ 1920ರ ತನಕ ಎಳೆದು ನೋಡಿದೆ, ಅಲ್ಲಿ ಹೆಚ್ಚೇನೂ ತೊಂದರೆ ಇರಲಿಲ್ಲ. ವಿಂಡೋ ಎಳೆದರೆ ತಿಳಿಯದ ಸಂಗತಿಗಳೂ ಇವೆ: ಮೊಬೈಲ್‌ನ ವಿಳಾಸಪಟ್ಟಿ ಮೇಲೆ ಕೆಳಗೆ ಸರಿದಾಗ ಪುಟದ ಎತ್ತರ ಬದಲಾಗುವುದು, ಕೀಬೋರ್ಡ್ ಎದ್ದು ಬಟನ್ ಮುಚ್ಚುವುದು. ಅವಕ್ಕೆ ಫೋನೇ ಬೇಕು.

ಆ ಹಿರಿಯರ ಫೋನನ್ನೇ ನೋಡೋಣವೆಂದು ಅವರ ಮನೆಗೆ ಹೋದೆ. ನನ್ನ ಬಳಿ ಇದ್ದಂಥದ್ದೇ ಫೋನ್, ಅದೇ 1080 ಪಿಕ್ಸೆಲ್ ಪರದೆ. ನನ್ನದರಲ್ಲಿ ಪರದೆಯ ಮೂರು ಚುಕ್ಕಿಯನ್ನು ಬ್ರೌಸರ್ ಒಂದು ಪಿಕ್ಸೆಲ್ ಎಂದು ಎಣಿಸುವುದರಿಂದ ಅದಕ್ಕೆ ಸಿಗುವ ಅಗಲ 360. ಅವರು ಕಣ್ಣಿಗೆ ಸುಲಭವಾಗಲೆಂದು ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಸೈಜ್ ದೊಡ್ಡದು ಮಾಡಿಟ್ಟಿದ್ದರು, ಹಾಗಾಗಿ ಅವರದರಲ್ಲಿ 320. ವೆಬ್ ಸುಲಭಲಭ್ಯತೆಯ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ, ಪುಟ 320ಕ್ಕೂ ಹೊಂದಿಕೊಳ್ಳಬೇಕು ಎನ್ನುತ್ತದೆ. ಓದಿದ್ದೆ, ಅಷ್ಟು ಕಿರಿದಾದ ಫೋನ್ ಈಗ ಯಾರ ಹತ್ತಿರ ಇರುತ್ತದೆ ಎಂದುಕೊಂಡಿದ್ದೆ. ಹೊಸ ಪುಟ ತೆರೆದುಕೊಟ್ಟೆ. ಅವರು ಕನ್ನಡಕ ಹಾಕದೆಯೇ ಚಾಲಿಯ ಸಾಲಿನ ಮೇಲೆ ಬೆರಳಿಟ್ಟು ಮೂರೂ ದರ ಓದಿದರು.